ಡೇರೆ ಹೂವನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವುದು: ಕರಾವಳಿಯ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಡೇರೆ ಹೂವಿನ ಫೋಟೊದಿಂದ ಬಣ್ಣ ತೆಗೆದುಬಿಟ್ಟರೆ ಏನು ಉಳಿಯುತ್ತದೆ? ಎಸಳುಗಳ ಸಾಲು ಉಳಿಯುತ್ತದೆ. ಒಂದು ಎಸಳು ಇನ್ನೊಂದರ ಮೇಲೆ ಬೀಳಿಸುವ ನೆರಳು ಉಳಿಯುತ್ತದೆ. ಅಂದರೆ ಆ ಹೂವನ್ನು ಗಿಡ ಹೇಗೆ ಕಟ್ಟಿದೆ ಅನ್ನುವುದಷ್ಟೇ ಕಣ್ಣಿಗೆ ಕಾಣುತ್ತದೆ. ಅದಕ್ಕೇ ಗಿಡವನ್ನು ತಿಳಿದುಕೊಂಡವರ ಕಪ್ಪು-ಬಿಳುಪು ಫೋಟೊ ಬೇರೆಯೇ ಆಗಿರುತ್ತದೆ ಅಂತ ನಾನು ನಂಬಿದ್ದೇನೆ. ಕ್ಯಾಮೆರಾ ಯಾವುದು ಅನ್ನೋದು ಆಮೇಲಿನ ಮಾತು. ಈ ಬರಹದಲ್ಲಿ ಗಿಡದ ವಿಚಾರ ಮತ್ತು ಫೋಟೊದ ವಿಚಾರ ಎರಡೂ ಕೈಹಿಡಿದುಕೊಂಡೇ ಬರುತ್ತವೆ.

ಘಟ್ಟದ ಮೇಲಿನವರಿಗೆ ಡೇರೆ ಅಂದರೆ ಮಳೆಗಾಲ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆ ಮನೆಯಂಗಳದಲ್ಲಿ ಸಾಲಾಗಿ ಅರಳುತ್ತವೆ, ಹೆಂಗಸರು ಗಡ್ಡೆ ಹಂಚಿಕೊಳ್ಳುತ್ತಾರೆ. ಉಡುಪಿ, ಮಂಗಳೂರಿನಲ್ಲಿ ಅದೇ ಹೂ ಚಳಿಗಾಲದ ಅತಿಥಿ. ಇಲ್ಲಿ ಹೆಚ್ಚಿನವರು ಡೇಲಿಯಾ ಅಂತಲೇ ಕರೆಯುತ್ತಾರೆ, ಕುಂಡದಲ್ಲೇ ಬೆಳೆಸುತ್ತಾರೆ. ಯಾಕೆ ಹೀಗೆ ಅನ್ನುವುದಕ್ಕೆ ಗಿಡದ ತವರಿಗೆ ಹೋಗಬೇಕು.

ಗಿಡದ ಊರು, ಗಿಡದ ಗುಣ

ಡೇರೆಯ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬೆಟ್ಟಗಳು. ಸುಮಾರು 40 ಕಾಡು ಜಾತಿಗಳಿವೆ. ಹೆಚ್ಚಿನವು ಎತ್ತರದ ತಂಪು ಜಾಗದಲ್ಲಿ ಬೆಳೆಯುತ್ತವೆ. ಮಳೆ ಬಿದ್ದಾಗ ಚಿಗುರುತ್ತವೆ, ಮಳೆಗಾಲದ ಕೊನೆಯ ಹೊತ್ತಿಗೆ ಮೈತುಂಬ ಹೂ ಬಿಡುತ್ತವೆ. ಒಣ ಚಳಿಗಾಲ ಬಂದಾಗ ಮೇಲಿನ ಗಿಡ ಒಣಗಿ, ಗಡ್ಡೆ ಮಾತ್ರ ಮಣ್ಣಿನಲ್ಲಿ ಉಳಿಯುತ್ತದೆ. ಮಲೆನಾಡಿನ ಮಳೆಗಾಲ ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಯೂ ಜಾಸ್ತಿ, ಸೆಖೆಯೂ ಜಾಸ್ತಿ. ಜುಲೈಯಲ್ಲಿ ನೆಟ್ಟರೆ ಗಡ್ಡೆ ಕೊಳೆಯುತ್ತದೆ. ಹಾಗಾಗಿ ನಾವು ಅದರ ಪಂಚಾಂಗವನ್ನೇ ತಿರುಗಿಸಿ, ಮಳೆ ನಿಂತ ಮೇಲೆ ನೆಡುತ್ತೇವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೂ.

ಅಜ್ಟೆಕ್ ಜನರಿಗೆ ಡೇರೆ ತಿನ್ನುವ ಗಡ್ಡೆಯೂ ಹೌದು, ಮದ್ದೂ ಹೌದು. ಸ್ಪೇನಿನ ದೊರೆ ಎರಡನೇ ಫಿಲಿಪ್ ಕಳಿಸಿದ ವೈದ್ಯ ಫ್ರಾನ್ಸಿಸ್ಕೊ ಹೆರ್ನಾಂಡೆಸ್ 1570ರ ದಶಕದಲ್ಲಿ ಮೆಕ್ಸಿಕೊದ ಗಿಡಗಳ ವಿವರ ಬರೆದಾಗ ಡೇರೆಯನ್ನೂ ದಾಖಲಿಸಿದ. ಆದರೆ ಬೀಜ ಯುರೋಪಿಗೆ ತಲುಪಿದ್ದು ಇನ್ನೂರು ವರ್ಷ ಕಳೆದ ಮೇಲೆ. 1789ರಲ್ಲಿ ಅದು ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಬಂತು. ಅಲ್ಲಿನ ಸಸ್ಯವಿಜ್ಞಾನಿ ಆಂಟೊನಿಯೊ ಹೊಸೆ ಕವನಿಯೆಸ್ 1791ರಲ್ಲಿ, ಗಿಡಗಳ ವರ್ಗೀಕರಣಕ್ಕೆ ಬುನಾದಿ ಹಾಕಿದ ಲಿನೇಯಸ್‌ನ ಶಿಷ್ಯನಾಗಿದ್ದ ಸ್ವೀಡನ್ನಿನ ಆಂಡರ್ಸ್ ಡಾಲ್ ನೆನಪಿಗೆ ಈ ಗಿಡಕ್ಕೆ ಹೆಸರಿಟ್ಟರು. ಮೆಕ್ಸಿಕೊ 1963ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಹೂವಾಗಿ ಘೋಷಿಸಿತು.

ಒಂದೇ ಗಿಡದಿಂದ ಇಷ್ಟೊಂದು ಆಕಾರಗಳು ಹೇಗೆ ಬಂದವು ಅಂತ ಅನ್ನಿಸುತ್ತದೆ ಅಲ್ವಾ? ಉತ್ತರ ವರ್ಣತಂತುಗಳಲ್ಲಿದೆ, ಅಂದರೆ ಜೀವಕೋಶದೊಳಗೆ ವಂಶದ ಗುಣಗಳನ್ನು ಹೊತ್ತಿರುವ ಎಳೆಗಳಲ್ಲಿ. ಮನುಷ್ಯರಲ್ಲಿ, ಬಹಳಷ್ಟು ಗಿಡಗಳಲ್ಲಿ ವರ್ಣತಂತುಗಳ ಎರಡು ಪ್ರತಿ ಇರುತ್ತವೆ. ತೋಟದ ಡೇರೆಯಲ್ಲಿ ಎಂಟು ಪ್ರತಿಗಳಿವೆ, ಒಟ್ಟು 64 ವರ್ಣತಂತುಗಳು. ಬೀಜ ಹಾಕಿದಾಗಲೆಲ್ಲ ಹೊಸ ಹೊಸ ಜೋಡಣೆ ಬರುತ್ತದೆ. ಬೀಜದ ಗಿಡ ತಾಯಿಯ ಹಾಗೆ ಇರುವುದಿಲ್ಲ. ಅದೇ ಹೂ ಬೇಕಾದರೆ ಗಡ್ಡೆಯಿಂದ ಅಥವಾ ತುಂಡಿನಿಂದಲೇ ಬೆಳೆಸಬೇಕು. 1872ರಲ್ಲಿ ಮೆಕ್ಸಿಕೊದಿಂದ ಹಾಲೆಂಡಿಗೆ ಹೋದ ಒಂದು ಪೆಟ್ಟಿಗೆಯಲ್ಲಿ ಒಂದೇ ಒಂದು ಗಡ್ಡೆ ಬದುಕಿತ್ತಂತೆ. ಅದರಲ್ಲಿ ಚೂಪು ಎಸಳಿನ ಕೆಂಪು ಹೂ ಬಂತು. ಇವತ್ತಿನ ಕ್ಯಾಕ್ಟಸ್ ಡೇರೆಗಳ ವಂಶ ಅಲ್ಲಿಂದ ಶುರು.

ಹೂವನ್ನು ಓದಲು ಕಲಿಯಿರಿ

ಇದು ಇಡೀ ಕೆಲಸದ ಜೀವಾಳ. ಇಲ್ಲಿ ಅವಸರ ಬೇಡ.

ಸೂರ್ಯಕಾಂತಿ, ಸೇವಂತಿಗೆಯ ಹಾಗೆ ಡೇರೆಯೂ ಒಂದು ಹೂವಲ್ಲ, ಹೂಗಳ ಗುಂಪು. ನಾವು ಎಸಳು ಅನ್ನುವುದು ಒಂದೊಂದೂ ಬೇರೆ ಬೇರೆ ಪುಟ್ಟ ಹೂವೇ. ಕಾಡು ಡೇರೆಯಲ್ಲಿ ಹೊರಗಡೆ ಸಾಮಾನ್ಯವಾಗಿ ಎಂಟು ಅಗಲ ಎಸಳುಗಳು, ನಡುವೆ ಹಳದಿ ಬಿಲ್ಲೆ. ಆ ಬಿಲ್ಲೆಯಲ್ಲಿ ಕೊಳವೆಯಂಥ ಚಿಕ್ಕ ಹೂಗಳು ತುಂಬಿರುತ್ತವೆ. ಅವು ಅಂಚಿನಿಂದ ನಡುವಿನ ಕಡೆಗೆ ಸುತ್ತು ಸುತ್ತಾಗಿ ಅರಳುತ್ತಾ ಹೋಗುತ್ತವೆ. ಪ್ರತಿ ಕೊಳವೆಯೂ ಮೊದಲು ಪರಾಗ ಹೊರಹಾಕುತ್ತದೆ, ಆಮೇಲೆ ಅದರ ಶಲಾಕೆಯ (ಹೂವಿನ ಹೆಣ್ಣು ಭಾಗದ ಕಡ್ಡಿಯ) ತುದಿ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಒಂದೇ ಬಿಲ್ಲೆಯಲ್ಲಿ ಬಿಗಿ ಮೊಗ್ಗು, ಪರಾಗದ ಪುಡಿ, ಕವಲೊಡೆದ ತುದಿ ಮೂರೂ ಉಂಗುರ ಉಂಗುರವಾಗಿ ಸಿಗುತ್ತವೆ. ಕಪ್ಪು-ಬಿಳುಪಿನಲ್ಲಿ ಈ ಮೂರು ಉಂಗುರಗಳಿಗೂ ಮೂರು ಬೇರೆ ಮೇಲ್ಮೈ.

ದೊಡ್ಡ ತುಂಬುಹೂಗಳಲ್ಲಿ ನಡುವಿನ ಕೊಳವೆಗಳ ಜಾಗವನ್ನೂ ಅಗಲ ಎಸಳುಗಳೇ ತುಂಬಿಕೊಂಡಿರುತ್ತವೆ. ಹೊಸ ಎಸಳು ಹಿಂದಿನದಕ್ಕಿಂತ ಸುಮಾರು 137.5 ಡಿಗ್ರಿ ತಿರುಗಿದ ಜಾಗದಲ್ಲಿ ಹುಟ್ಟುತ್ತದೆ. ಹಾಗಾಗಿ ಎಡಕ್ಕೂ ಬಲಕ್ಕೂ ಸುತ್ತುವ ಸುರುಳಿಗಳು ಕಾಣುತ್ತವೆ. ಲೆಕ್ಕ ಹಾಕಿದರೆ 8, 13, 21, 34 ಹೀಗೆ ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಸರಣಿಯ ಸಂಖ್ಯೆಗಳೇ ಹೆಚ್ಚಾಗಿ ಸಿಗುತ್ತವೆ. ಈ ಸುರುಳಿ ಬೇಕಾದರೆ ಕ್ಯಾಮೆರಾ ಹೂವಿನ ಮುಖಕ್ಕೆ ನೇರವಾಗಿ ನಿಲ್ಲಬೇಕು. ಸ್ವಲ್ಪ ಓರೆಯಾದರೂ ಸುರುಳಿ ಮುರಿಯುತ್ತದೆ.

ಆಕಾರ ಆರಿಸುವಾಗ ನನ್ನ ಇಷ್ಟ ಹೀಗೆ. ಕಲಿಯುವವರಿಗೆ ಚೆಂಡು ಡೇರೆ ಅಥವಾ ಪಾಂಪಾನ್ ಎಲ್ಲಕ್ಕಿಂತ ಒಳ್ಳೆಯದು. ಪಾಂಪಾನ್ ಎರಡು ಇಂಚಿಗಿಂತ ದೊಡ್ಡದಾಗುವುದಿಲ್ಲ. ಎಸಳುಗಳು ವೀಳ್ಯದೆಲೆ ಸುತ್ತಿದ ಹಾಗೆ ಒಳಮುಖವಾಗಿ ಸುರುಳಿಯಾಗಿರುತ್ತವೆ. ಪ್ರತಿ ಸುರುಳಿಯೊಳಗೂ ಒಂದು ನೆರಳು ಕೂತಿರುತ್ತದೆ, ಫೋಟೊಗೆ ಬೇಕಾದದ್ದು ಅದೇ. ಕ್ಯಾಕ್ಟಸ್ ಡೇರೆಯಲ್ಲಿ ಎಸಳಿನ ಅಂಚು ಹಿಂದಕ್ಕೆ ಸುತ್ತಿಕೊಂಡು ಉದ್ದ ಗೆರೆಗಳಾಗುತ್ತವೆ. ಹತ್ತು ಇಂಚು ದಾಟುವ ದೊಡ್ಡ ಡೇರೆಗಳು ನೋಡಲು ಭರ್ಜರಿ, ಆದರೆ ಫೋಟೊದಲ್ಲಿ ಸೋಲುವುದು ಅವೇ. ಎಸಳುಗಳು ಅಸ್ತವ್ಯಸ್ತವಾಗಿ ಜೋತುಬೀಳುತ್ತವೆ, ಕಣ್ಣಿಗೆ ನಿಲ್ಲಲು ಜಾಗ ಸಿಗುವುದಿಲ್ಲ.

ಹಗಲು ಚಿಕ್ಕದಾಗುವ ದಿನಗಳಲ್ಲಿ ತುಂಬುಹೂಗಳೂ ನಡು ಬಿಟ್ಟುಕೊಂಡು ಹಳದಿ ಬಿಲ್ಲೆ ತೋರಿಸುವುದುಂಟು. ಪ್ರದರ್ಶನಕ್ಕೆ ಇಡುವವರಿಗೆ ಅದು ದೋಷ. ನಮಗೆ ಅಲ್ಲ. ಎಸಳಿನ ನಯ ಮತ್ತು ಬಿಲ್ಲೆಯ ಒರಟು ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ.

ಹೂವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ. ತೊಟ್ಟಿನ ಹತ್ತಿರ ಪುಟ್ಟ ಎಲೆಗಳಂಥ ಪುಷ್ಪಪತ್ರಗಳು ಎರಡು ಸುತ್ತು ಇವೆ. ಹೊರಗಿನವು ದಪ್ಪ, ಹಸಿರು, ಹಿಂದಕ್ಕೆ ಬಾಗಿರುತ್ತವೆ. ಒಳಗಿನವು ತೆಳು, ಬೆಳಕು ಹಾಯುವಂಥವು. ಹಿಂದಿನಿಂದ ಬೆಳಕು ಬಿಟ್ಟರೆ ಒಳಗಿನ ಸುತ್ತು ಹೊಳೆಯುತ್ತದೆ, ಹೊರಗಿನದು ಕಪ್ಪಾಗಿ ನಿಲ್ಲುತ್ತದೆ. ಡೇರೆಯ ಅತ್ಯಂತ ಚೆಂದದ ಫೋಟೊ ಹಿಂಬದಿಯಲ್ಲಿದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಹೂ ಎಲ್ಲಿ ಸಿಗುತ್ತದೆ

ಜನವರಿಯಲ್ಲಿ ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಮಂಗಳೂರಿನ ಕದ್ರಿ ಪಾರ್ಕ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಉಡುಪಿಯಲ್ಲಿ ದೊಡ್ಡಣಗುಡ್ಡೆಯ ತೋಟಗಾರಿಕೆ ಇಲಾಖೆಯ ಆವರಣದಲ್ಲೂ ಇಂಥ ಪ್ರದರ್ಶನ ಇರುತ್ತದೆ. ಬಾಗಿಲು ತೆರೆದ ಕೂಡಲೇ ಹೋಗಿ. ಹತ್ತು ಗಂಟೆಯ ಮೇಲೆ ಜನವೂ ಬಿಸಿಲೂ ಒಟ್ಟಿಗೆ ಏರುತ್ತವೆ. ಕುಂಡಗಳನ್ನು ಸರಿಸಬೇಡಿ, ಎಸಳು ಮುಟ್ಟಬೇಡಿ. ಟ್ರೈಪಾಡ್ ಇಡುವುದಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಪ್ರದರ್ಶನದಲ್ಲಿ ಕೆಲಸ ಮುಗಿಸುವುದಕ್ಕಿಂತ, ಆಕಾರಗಳನ್ನು ನೋಡಿ ಕಣ್ಣು ಪಳಗಿಸುವುದು ಮುಖ್ಯ. ಆಮೇಲೆ ನರ್ಸರಿಯಿಂದ ಒಂದೆರಡು ಕುಂಡ ಮನೆಗೆ ತನ್ನಿ.

ಸ್ವತಃ ಬೆಳೆಸುವವರಿಗೆ ನಾಲ್ಕು ಮಾತು. ಅಕ್ಟೋಬರ್ ಸುಮಾರಿಗೆ ನೆಡಿ. 10ರಿಂದ 12 ಇಂಚಿನ ಕುಂಡ ಸಾಕು. ನಮ್ಮ ಕೆಂಪು ಮಣ್ಣು ಒಂದೇ ಹಾಕಿದರೆ ಗಟ್ಟಿಯಾಗುತ್ತದೆ, ಮರಳು ಮತ್ತು ಹಟ್ಟಿಗೊಬ್ಬರ ಸೇರಿಸಿ. ಗಡ್ಡೆಯಲ್ಲಿ ಎಲ್ಲೆಂದರಲ್ಲಿ ಕಣ್ಣು ಇರುವುದಿಲ್ಲ. ಹಳೆಯ ಕಾಂಡದ ಬುಡದಲ್ಲಿ ಮಾತ್ರ ಇರುತ್ತದೆ. ಆ ಬುಡದ ತುಣುಕು ಇಲ್ಲದ ಗಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ. ಕಾಂಡ ಟೊಳ್ಳು, ಆದ್ದರಿಂದ ನೆಡುವಾಗಲೇ ಕೋಲು ಕೊಡಿ. ಒಂದು ಟಿಸಿಲಿನ ತುದಿಯಲ್ಲಿ ಮೂರು ಮೊಗ್ಗು ಬಂದರೆ ಪಕ್ಕದ ಎರಡನ್ನು ಚಿವುಟಿ. ಉಳಿದ ಹೂ ದುಂಡಗೆ, ಅಂದವಾಗಿ ಬರುತ್ತದೆ. ಬೆಳಗ್ಗಿನ ಬಿಸಿಲು ಬೇಕು, ಮಧ್ಯಾಹ್ನದ ಬಿಸಿಲಿಗೆ ನೆರಳು ಬೇಕು.

ಹೊತ್ತು ಮತ್ತು ಗಾಳಿ

ಹೂವಿನ ಫೋಟೊಗೆ ಬೆಳಕಿನಷ್ಟೇ ಗಾಳಿಯೂ ಮುಖ್ಯ. ಇಲ್ಲಿ ರಾತ್ರಿಯೆಲ್ಲ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತದೆ. ಹೊತ್ತೇರಿ ನೆಲ ಕಾದ ಮೇಲೆ ಕಡಲಗಾಳಿ ಶುರುವಾಗುತ್ತದೆ. ಇವೆರಡರ ನಡುವೆ ಗಾಳಿ ನಿಂತುಬಿಡುವ ಒಂದು ಹೊತ್ತು ಇದೆ. ಅಂಗಳದಲ್ಲಿ ತೆಗೆಯುವುದಾದರೆ ಆ ಹೊತ್ತನ್ನು ಬಿಡಬೇಡಿ. ಮಧ್ಯಾಹ್ನದ ಮೇಲೆ ತೆಂಗಿನ ಗರಿ ಅಲ್ಲಾಡುತ್ತಿದ್ದರೆ ಒಳಗೆ ಬಂದುಬಿಡಿ.

ಹೂ ಕೊಯ್ದು ತೆಗೆಯುವುದಿದ್ದರೆ ಬೆಳಿಗ್ಗೆಯೇ ಕೊಯ್ಯಿರಿ. ಡೇರೆಯ ಮೊಗ್ಗು ಕೊಯ್ದ ಮೇಲೆ ಅರಳುವುದಿಲ್ಲ ಅನ್ನುವುದು ನೆನಪಿರಲಿ. ಮುಕ್ಕಾಲು ಅಥವಾ ಪೂರ್ತಿ ಅರಳಿದ್ದನ್ನೇ ಆರಿಸಿ. ಆರಿಸುವಾಗ ಹಿಂದಿನ ಸಾಲಿನ ಎಸಳು ನೋಡಿ. ಅದು ಬಾಡಿ ಕಾಗದದಂತಾಗಿದ್ದರೆ ಆ ಹೂವಿನ ಹೊತ್ತು ಮುಗಿದಿದೆ. ತೊಟ್ಟನ್ನು ಓರೆಯಾಗಿ ಕತ್ತರಿಸಿ, ಎರಡು ಮೂರು ಇಂಚು ಬಿಸಿನೀರಿನಲ್ಲಿ ನಿಲ್ಲಿಸಿ. ಕುದಿಯುವ ನೀರು ಬೇಡ, ಕೈ ಇಡಲಾಗದಷ್ಟು ಬಿಸಿ ಸಾಕು. ನೀರು ತಣಿಯುವವರೆಗೆ ಹಾಗೇ ಬಿಡಿ. ಹೂ ಬೇಗ ಜೋಲುವುದಿಲ್ಲ. ಎಸಳುಗಳ ನಡುವೆ ಇರುವೆ, ಚಿಕ್ಕ ಹುಳುಗಳು ಇರುತ್ತವೆ. ಹೂವನ್ನು ತಲೆಕೆಳಗೆ ಹಿಡಿದು ಮೆಲ್ಲಗೆ ತಟ್ಟಿ.

ಬೆಳಕು: ಕಿಟಕಿ ಮತ್ತು ಗಾಜಿನ ಹಂಚು

ಕಪ್ಪು-ಬಿಳುಪಿನಲ್ಲಿ ಆಕಾರವನ್ನು ತೋರಿಸುವುದು ನೆರಳು. ಮುಂದಿನಿಂದ ಬೆಳಕು ಬಿದ್ದರೆ ನೆರಳು ಎಸಳಿನ ಹಿಂದೆ ಅಡಗಿಕೊಳ್ಳುತ್ತದೆ, ಹೂ ಚಪ್ಪಟೆಯಾಗುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಇದನ್ನೇ ಮಾಡುತ್ತದೆ, ಅದನ್ನು ಆಫ್ ಮಾಡಿ. ಬೆಳಕು ಪಕ್ಕದಿಂದ, ಸ್ವಲ್ಪ ಮೇಲಿನಿಂದ ಬರಲಿ.

ಉತ್ತರದ ಕಿಟಕಿ ಇದ್ದರೆ ಅದೃಷ್ಟ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಇರುತ್ತಾನೆ. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ದಿನವಿಡೀ ಮೆದು ಬೆಳಕು. ಹೂವನ್ನು ಕಿಟಕಿಗೆ ಹತ್ತಿರ ತಂದಷ್ಟು ಬೆಳಕಿನ ಬದಿ ಮತ್ತು ನೆರಳಿನ ಬದಿಯ ವ್ಯತ್ಯಾಸ ಜಾಸ್ತಿಯಾಗುತ್ತದೆ. ದೂರ ಸರಿಸಿದಷ್ಟು ಎಲ್ಲವೂ ಸಮವಾಗುತ್ತದೆ. ಪಾಂಪಾನ್‌ಗೆ ಹತ್ತಿರ ಒಳ್ಳೆಯದು, ಬಿಳಿ ತುಂಬುಹೂವಿಗೆ ಸ್ವಲ್ಪ ದೂರ.

ಹಳೆಯ ಹಂಚಿನ ಮನೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಸ್ಟುಡಿಯೊ ಬೇಕಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಕತ್ತಲ ಕೋಣೆಗೆ ಬೆಳಕು ಬರಲಿ ಅಂತ ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಹಾಕುವುದೂ ರೂಢಿ. ಸುತ್ತ ಕತ್ತಲು, ಮೇಲಿನಿಂದ ಒಂದೇ ಬೆಳಕು. ಡೇರೆಯ ಮುಖವನ್ನು ಮೇಲಕ್ಕೆ ಓರೆ ಮಾಡಿ ಆ ಬೆಳಕಿನಲ್ಲಿಟ್ಟರೆ ಪ್ರತಿ ಎಸಳಿನ ಕೆಳಗೂ ನೆರಳು ಬೀಳುತ್ತದೆ. ನೇರ ಬಿಸಿಲಿನ ಕೋಲು ಇಳಿಯುತ್ತಿದ್ದರೆ ಹೂವಿನ ಮೇಲೆ ಒಂದಡಿ ಎತ್ತರದಲ್ಲಿ ಬಟರ್ ಪೇಪರ್ ಅಥವಾ ತೆಳು ಬಿಳಿ ಪಂಚೆ ಅಡ್ಡ ಹಿಡಿಯಿರಿ.

ನೆರಳಿನ ಬದಿ ಪೂರ್ತಿ ಕಪ್ಪಾದರೆ ಆ ಕಡೆ ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಹತ್ತಿರ ತಂದು, ದೂರ ಸರಿಸಿ ನೋಡಿ. ಸ್ಟೀಲ್ ತಟ್ಟೆ ಬೇಡ, ಅದರ ಹೊಳಪು ಎಸಳಿನ ಮೇಲೆ ಚುಕ್ಕೆಯಾಗಿ ಬೀಳುತ್ತದೆ.

ಹಿನ್ನೆಲೆ

ಕಪ್ಪು ವೆಲ್ವೆಟ್ ಬಟ್ಟೆ ಒಂದು ಮೀಟರ್ ಕೊಂಡಿಡಿ. ಹೂವಿನಿಂದ ಮೂರು ಅಡಿ ಹಿಂದೆ ಕಟ್ಟಿ, ಕಿಟಕಿಯ ಬೆಳಕು ಅದರ ಮೇಲೆ ಬೀಳದಂತೆ ನೋಡಿ. ಹೊರಗಡೆಯಾದರೆ ಬಿಚ್ಚಿದ ಕಪ್ಪು ಕೊಡೆ ಸಾಕಾಗುತ್ತದೆ.

ನಮ್ಮೂರಿನ ಮುರಕಲ್ಲಿನ ಗೋಡೆಯೂ ಒಳ್ಳೆಯ ಹಿನ್ನೆಲೆ. ಕೆಂಪು ಗೋಡೆಯ ಬೂದು ಎಷ್ಟಿರಬೇಕು ಅನ್ನುವುದನ್ನು ನಾವು ಆಮೇಲೆ ಕಂಪ್ಯೂಟರಿನಲ್ಲಿ ನಿರ್ಧರಿಸಬಹುದು. ಡಿಜಿಟಲ್ ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಬೆಳಕಿನ ದಾಖಲೆ ಬೇರೆ ಬೇರೆ ಇರುತ್ತದೆ, ಒಂದೊಂದಕ್ಕೂ ಚಾನಲ್ ಅನ್ನುತ್ತಾರೆ. ಕೆಂಪು ಚಾನಲ್ ಆರಿಸಿದರೆ ಗೋಡೆ ತಿಳಿಯಾಗುತ್ತದೆ, ನೀಲಿ ಚಾನಲ್ ಆರಿಸಿದರೆ ಗಾಢವಾಗುತ್ತದೆ. ಮುಂದೆ ಬಿಳಿ ಡೇರೆ ಇದ್ದರೆ ಅದು ಎರಡರಲ್ಲೂ ಬಿಳಿಯಾಗಿಯೇ ಉಳಿಯುತ್ತದೆ. ಗೋಡೆಯಿಂದ ಹೂ ಎರಡಡಿ ಮುಂದಿರಲಿ, ಇಲ್ಲದಿದ್ದರೆ ಕಲ್ಲಿನ ತೂತುಗಳು ಎಸಳಿನೊಂದಿಗೆ ಜಗಳಕ್ಕೆ ನಿಲ್ಲುತ್ತವೆ.

ಕ್ಯಾಮೆರಾ ಸಿದ್ಧಮಾಡುವುದು

ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಾನೇ ತಿದ್ದದ ಕಚ್ಚಾ ರೂಪದಲ್ಲಿ ತೆಗೆಯಿರಿ. ಜೊತೆಗೆ ಕ್ಯಾಮೆರಾದ ಪಿಕ್ಚರ್ ಸ್ಟೈಲ್ ಅನ್ನು ಮಾನೊಕ್ರೋಮ್‌ಗೆ ಇಡಿ. ಪರದೆಯ ಮೇಲೆ ಕಪ್ಪು-ಬಿಳುಪು ಕಾಣುತ್ತದೆ, ಫೈಲಿನಲ್ಲಿ ಬಣ್ಣದ ಮಾಹಿತಿ ಪೂರ್ತಿ ಉಳಿಯುತ್ತದೆ. ನೋಡುವಾಗಲೇ ಬಣ್ಣದ ಮೋಹ ತಪ್ಪುವುದರಿಂದ ಕೈ ಬೇಗ ಪಳಗುತ್ತದೆ.

ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100 ಅಥವಾ 200. ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್. ಫ್ಯಾನ್ ಆಫ್. ಶಟರ್ ವೇಗ ಅರ್ಧ ಸೆಕೆಂಡಾದರೂ ಪರವಾಗಿಲ್ಲ, ಒಳಗೆ ಹೂ ಅಲ್ಲಾಡುವುದಿಲ್ಲವಲ್ಲ.

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಬಗ್ಗೆ ಸ್ವಲ್ಪ ಲೆಕ್ಕ ಬೇಕು. ಎಫ್ ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು. ಫುಲ್ ಫ್ರೇಮ್ (ಹಳೆಯ 35 ಮಿಲಿಮೀಟರ್ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಐದು ಇಂಚಿನ ಡೇರೆ ಚೌಕಟ್ಟು ತುಂಬುವಷ್ಟು ಹತ್ತಿರ ಹೋದರೆ, ಎಫ್ 8ರಲ್ಲಿ ಚೂಪಾಗಿ ಕಾಣುವ ಆಳ ಸುಮಾರು ಒಂದೂವರೆ ಸೆಂಟಿಮೀಟರ್. ಎಫ್ 11ರಲ್ಲಿ ಎರಡು ಸೆಂಟಿಮೀಟರ್. ಹೂವಿನ ನಡುವಿನಿಂದ ಹಿಂದಿನ ಸಾಲಿಗೆ ಐದಾರು ಸೆಂಟಿಮೀಟರ್ ಇರುತ್ತದೆ. ಮ್ಯಾಕ್ರೊ ಲೆನ್ಸಿನಲ್ಲಿ ಒಂದಕ್ಕೊಂದು ಅಳತೆಗೆ, ಅಂದರೆ ಹೂವಿನ ಭಾಗ ಸೆನ್ಸರಿನ ಮೇಲೆ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರ ಹೋದರೆ ಎಫ್ 8ರಲ್ಲಿ ಸಿಗುವುದು ಒಂದು ಮಿಲಿಮೀಟರ್ ಮಾತ್ರ. ಅಪರ್ಚರ್ ಅನ್ನು ಎಫ್ 22ಕ್ಕೆ ಮುಚ್ಚಿದರೆ ಬೆಳಕು ಚದುರಿ ಇಡೀ ಚಿತ್ರ ಮಂದವಾಗುತ್ತದೆ.

ದಾರಿ ಎರಡು. ಒಂದು, ನಡುವನ್ನು ಮಾತ್ರ ಚೂಪಾಗಿಟ್ಟು ಅಂಚು ಮೆದುವಾಗಲು ಬಿಡುವುದು. ಇನ್ನೊಂದು, ಫೋಕಸ್ ಸ್ಟ್ಯಾಕಿಂಗ್. ಅಂದರೆ ಎಫ್ 8ರಲ್ಲಿ ಮುಂದಿನ ಎಸಳಿನಿಂದ ಶುರುಮಾಡಿ, ಫೋಕಸ್ ಅನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತಾ ಆರರಿಂದ ಎಂಟು ಫೋಟೊ ತೆಗೆದು, ಫೋಟೊಶಾಪ್‌ನಂಥ ತಂತ್ರಾಂಶದಲ್ಲಿ ಜೋಡಿಸುವುದು. ಹಿಂದಿನದರ ಚೂಪು ಭಾಗದ ಮೇಲೆ ಮುಂದಿನದು ಸ್ವಲ್ಪ ಏರಿರಬೇಕು. ಸುರುಳಿ ತೋರಿಸುವ ನೇರ ಫೋಟೊಗೆ ಸ್ಟ್ಯಾಕಿಂಗ್ ಬೇಕೇ ಬೇಕು. ಹಿಂಬದಿಯ ಫೋಟೊಗೆ ಮೆದು ಅಂಚೇ ಚೆಂದ.

ಮೊಬೈಲ್‌ನಲ್ಲಿ ತೆಗೆಯುವವರು ಪೋರ್ಟ್ರೇಟ್ ಮೋಡ್ ಬಳಸಬೇಡಿ. ಅದು ಎಸಳಿನ ಚೂಪು ತುದಿಗಳನ್ನೇ ಹಿನ್ನೆಲೆ ಅಂದುಕೊಂಡು ಅಳಿಸುತ್ತದೆ. ಎರಡು ಪಟ್ಟು ಜೂಮ್‌ನ ಲೆನ್ಸ್ ಇದ್ದರೆ ಅದನ್ನು ಬಳಸಿ, ಸ್ವಲ್ಪ ದೂರ ನಿಲ್ಲಿ. ರಾ ಸೌಲಭ್ಯ ಇದ್ದರೆ ಆನ್ ಮಾಡಿ.

ಎಕ್ಸ್‌ಪೋಶರ್

ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುಬೂದು ಮಾಡಲು ನೋಡುತ್ತದೆ. ಚೌಕಟ್ಟು ತುಂಬ ಬಿಳಿ ಡೇರೆ ಇದ್ದರೆ ಅದನ್ನು ಮಂಕು ಮಾಡುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಬೆಳಕು ಎರಡು ಪಟ್ಟು) ಹೆಚ್ಚಿಸಿ. ಅದೇ ಬಿಳಿ ಹೂ ದೊಡ್ಡ ಕಪ್ಪು ಹಿನ್ನೆಲೆಯ ಮುಂದಿದ್ದರೆ ಲೆಕ್ಕ ಉಲ್ಟಾ. ಕಪ್ಪನ್ನು ಬೂದು ಮಾಡಹೋಗಿ ಹೂವನ್ನು ಸುಟ್ಟುಬಿಡುತ್ತದೆ. ಆಗ ಒಂದರಿಂದ ಎರಡು ಸ್ಟಾಪ್ ಇಳಿಸಬೇಕು. ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸೌಲಭ್ಯ) ಇದ್ದರೆ ಹೂವಿನ ಮೇಲಿಟ್ಟು ಅಳೆಯಿರಿ.

ಕೆಂಪು ಡೇರೆಯಲ್ಲಿ ಇನ್ನೊಂದು ಅಪಾಯ. ಒಟ್ಟು ಹಿಸ್ಟೊಗ್ರಾಮ್ (ಎಡಗಡೆ ಕಪ್ಪು, ಬಲಗಡೆ ಬಿಳಿ ಎಷ್ಟಿದೆ ಅಂತ ತೋರಿಸುವ ನಕ್ಷೆ) ಸರಿಯಾಗಿಯೇ ಕಾಣುತ್ತದೆ, ಆದರೆ ಕೆಂಪು ಚಾನಲ್ ಬಲಗಡೆಯ ಗೋಡೆಗೆ ಹೊಡೆದಿರುತ್ತದೆ. ಎಸಳಿನ ಗೆರೆಗಳೆಲ್ಲ ಅಲ್ಲಿ ಕಳೆದುಹೋಗಿರುತ್ತವೆ. ಆಮೇಲೆ ಅದೇ ಚಾನಲ್‌ನಿಂದ ಕಪ್ಪು-ಬಿಳುಪು ಮಾಡಹೋದರೆ ಖಾಲಿ ಬಿಳಿ ಸಿಗುತ್ತದೆ. ಮೂರು ಬಣ್ಣದ ಹಿಸ್ಟೊಗ್ರಾಮ್ ಬೇರೆ ಬೇರೆ ತೋರಿಸುವ ಪರದೆ ಆರಿಸಿ. ಕೆಂಪು ಚಾನಲ್ ಆ ಬಲಗಡೆಯ ಗೋಡೆ ಮುಟ್ಟದಂತಾಗುವವರೆಗೆ ಎಕ್ಸ್‌ಪೋಶರ್ ಇಳಿಸಿ.

ಬಣ್ಣದಿಂದ ಬೂದುಬಣ್ಣಕ್ಕೆ

ಸುಮ್ನೆ ಬಣ್ಣ ತೆಗೆಯುವ ಬಟನ್ ಒತ್ತಿದರೆ ಏನಾಗುತ್ತದೆ ನೋಡಿ. 0 ಅಂದರೆ ಕಪ್ಪು, 255 ಅಂದರೆ ಪೂರ್ತಿ ಬೆಳಕು ಅನ್ನುವ ಅಳತೆಯಲ್ಲಿ ಒಂದು ಕೆಂಪು ಎಸಳಿನ ಬೆಲೆ ಕೆಂಪು 200, ಹಸಿರು 30, ನೀಲಿ 40 ಅಂತಿಟ್ಟುಕೊಳ್ಳಿ. ಹಿಂದಿನ ಎಲೆ ಕೆಂಪು 70, ಹಸಿರು 95, ನೀಲಿ 40. ಸಾಮಾನ್ಯ ಸೂತ್ರ ಕೆಂಪಿನ 30, ಹಸಿರಿನ 59, ನೀಲಿಯ 11 ಪ್ರತಿಶತ ಸೇರಿಸುತ್ತದೆ. ಎಸಳು 82 ಬರುತ್ತದೆ. ಎಲೆ 81. ಕಣ್ಣಿಗೆ ಅಷ್ಟು ಬೇರೆ ಕಂಡ ಹೂವೂ ಎಲೆಯೂ ಒಂದೇ ಬೂದಾಗಿ ಬೆರೆತುಹೋದವು! ಕೆಂಪು ದಾಸವಾಳದ ಕಪ್ಪು-ಬಿಳುಪು ಫೋಟೊ ಮಂಕಾಗುವುದಕ್ಕೂ ಇದೇ ಕಾರಣ.

ಈಗ ಕೆಂಪು ಚಾನಲ್ ಮಾತ್ರ ತೆಗೆದುಕೊಳ್ಳಿ. ಎಸಳು 200, ಎಲೆ 70. ಕತ್ತಲೆಯಿಂದ ಹೊಳೆಯುವ ಹೂ. ಹಸಿರು ಚಾನಲ್ ತೆಗೆದುಕೊಂಡರೆ ಎಸಳು 30, ಎಲೆ 95. ತಿಳಿ ಎಲೆಗಳ ನಡುವೆ ಕರಿ ಹೂ. ಒಂದೇ ಫೈಲು, ಎರಡು ಬೇರೆ ಚಿತ್ರ. ಯಾವುದು ಬೇಕು ಅನ್ನುವುದು ನಿಮ್ಮ ನಿರ್ಧಾರ. ಇದಕ್ಕೇ ಕಪ್ಪು-ಬಿಳುಪು ಮಾಡುವುದನ್ನು ಯಂತ್ರಕ್ಕೆ ಬಿಡಬಾರದು ಅನ್ನುವುದು.

ಫಿಲ್ಮಿನ ಕಾಲದವರು ಲೆನ್ಸಿನ ಮುಂದೆ ಕೆಂಪು ಅಥವಾ ಹಸಿರು ಗಾಜು ಹಾಕಿ ಇದನ್ನೇ ಮಾಡುತ್ತಿದ್ದರು. ಅದಕ್ಕೂ ಹಿಂದಿನ ಫೋಟೊ ಫಲಕಗಳಿಗೆ ಮುಖ್ಯವಾಗಿ ನೀಲಿ ಬೆಳಕು ಮಾತ್ರ ಕಾಣುತ್ತಿತ್ತು, ಕೆಂಪು ಹೂ ಕಪ್ಪಾಗಿಯೇ ಬರುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಬಣ್ಣದ ರಾಸಾಯನಿಕ ಸೇರಿಸಿದರೆ ಫಲಕಕ್ಕೆ ಹಸಿರಿನಂಥ ಬೇರೆ ಬಣ್ಣವೂ ಕಾಣುತ್ತದೆ ಅಂತ ಕಂಡುಕೊಂಡರು.

ಲೈಟ್‌ರೂಮ್‌ನಲ್ಲಿ ಬ್ಲ್ಯಾಕ್ ಆ್ಯಂಡ್ ವೈಟ್ ಮಿಕ್ಸರ್ ಇದೆ, ಒಂದೊಂದು ಬಣ್ಣದ ಬೂದು ಎಷ್ಟಿರಬೇಕು ಅಂತ ಅದರಲ್ಲಿ ಹೊಂದಿಸಬಹುದು. ಉಚಿತವಾಗಿ ಬೇಕಾದರೆ ಗಿಂಪ್, ಡಾರ್ಕ್‌ಟೇಬಲ್ ಇವೆ. ಮೊಬೈಲ್‌ನಲ್ಲಿ ಸ್ನ್ಯಾಪ್‌ಸೀಡ್‌ನ ಬ್ಲ್ಯಾಕ್ ಆ್ಯಂಡ್ ವೈಟ್ ವಿಭಾಗದಲ್ಲಿ ಬಣ್ಣದ ಫಿಲ್ಟರ್ ಆಯ್ಕೆ ಸಿಗುತ್ತದೆ. ಬಣ್ಣ ಬಣ್ಣಕ್ಕೆ ಹೀಗೆ ಮಾಡಿ.

ಹಳದಿ ಡೇರೆ ಸಾಮಾನ್ಯ ಸೂತ್ರದಲ್ಲಿ ಹೆಚ್ಚುಕಡಿಮೆ ಬಿಳಿಯಾಗುತ್ತದೆ. ಹಳದಿ ವರ್ಣದ್ರವ್ಯ ನೀಲಿ ಬೆಳಕನ್ನು ಹೀರುತ್ತದೆ. ಆದ್ದರಿಂದ ನೀಲಿ ಚಾನಲ್ ಸ್ವಲ್ಪ ಬೆರೆಸಿದರೆ ಎಸಳಿಗೆ ಮೈ ಬರುತ್ತದೆ, ನರಗಳು ಕಾಣುತ್ತವೆ. ಆದರೆ ನೀಲಿ ಚಾನಲ್‌ನಲ್ಲಿ ನಾಯ್ಸ್ (ಮರಳಿನಂಥ ಚುಕ್ಕೆಗಳು) ಜಾಸ್ತಿ, ಹದವಿರಲಿ. ನೇರಳೆ ಡೇರೆಗೆ ಕೆಂಪು ಮತ್ತು ನೀಲಿ ಎರಡನ್ನೂ ಏರಿಸಬಹುದು. ಕರಿಗೆಂಪು ಡೇರೆಯಲ್ಲಿ ಆಂಥೊಸಯನಿನ್ ಅನ್ನುವ ವರ್ಣದ್ರವ್ಯ ತುಂಬಿ ತುಳುಕುತ್ತದೆ, ಬೆಳಕನ್ನೆಲ್ಲ ನುಂಗುತ್ತದೆ. ಅದನ್ನು ಕಪ್ಪು ಬಟ್ಟೆಯ ಮುಂದೆ ಇಡಬೇಡಿ. ತಿಳಿ ಬೂದು ಗೋಡೆಯ ಮುಂದಿಟ್ಟು, ಕೆಂಪು ಚಾನಲ್ ಒಂದನ್ನೇ ನಂಬಿ. ಬಿಳಿ ಡೇರೆಯಲ್ಲಿ ಮೂರು ಚಾನಲ್ಲೂ ಒಂದೇ ಥರ, ಯಾವ ಮಿಕ್ಸರ್ ಎಳೆದರೂ ಎಸಳು ಬದಲಾಗುವುದಿಲ್ಲ. ಅಲ್ಲಿ ಪೂರ್ತಿ ಕೆಲಸ ಬೆಳಕಿನದೇ. ಅದಕ್ಕೇ ಬೆಳಕು ಕಲಿಯಲು ಬಿಳಿ ಡೇರೆಗಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಮಿಕ್ಸರ್ ಎಳೆಯುವ ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಸರಿಮಾಡಿ. ಅದು ಬದಲಾದರೆ ಬೂದುಗಳೂ ಬದಲಾಗುತ್ತವೆ. ಸ್ಲೈಡರ್ ಅನ್ನು ತುದಿಯವರೆಗೆ ಎಳೆಯಬೇಡಿ, ಹೂ ಮತ್ತು ಎಲೆ ಕೂಡುವ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ. ಆಮೇಲೆ ಡಾಡ್ಜ್ ಮತ್ತು ಬರ್ನ್, ಅಂದರೆ ಬೇಕಾದ ಕಡೆ ಮಾತ್ರ ಬೆಳಗಿಸುವುದು, ಕಪ್ಪಾಗಿಸುವುದು. ಇಲ್ಲಿ ಗಿಡವೇ ದಾರಿ ತೋರಿಸುತ್ತದೆ. ಎಸಳಿನ ಉಬ್ಬಿದ ಗೆರೆಯನ್ನು ಸ್ವಲ್ಪ ಬೆಳಗಿಸಿ, ಎಸಳುಗಳ ಬುಡ ಸೇರುವ ಆಳವನ್ನು ಸ್ವಲ್ಪ ಕಪ್ಪಾಗಿಸಿ, ಸುರುಳಿಯ ಜಾಡಿನಲ್ಲೇ ಹೋಗಿ. ಅಡ್ಡಾದಿಡ್ಡಿ ಬಳಿದರೆ ಹೂವಿನ ಕಟ್ಟೋಣ ಸುಳ್ಳಾಗುತ್ತದೆ.

ಮುದ್ರಣ ಮತ್ತು ಸಂಗ್ರಹ

ಕಪ್ಪು-ಬಿಳುಪು ಹೂವಿನ ಫೋಟೊ ಕಾಗದದ ಮೇಲೆಯೇ ಪೂರ್ತಿಯಾಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮ್ಯಾಟ್ ಕಾಗದ ಆರಿಸಿ. ಪರದೆಗಿಂತ ಸ್ವಲ್ಪ ತಿಳಿಯಾಗಿ ಮುದ್ರಿಸಿ, ಕಾಗದದಲ್ಲಿ ನೆರಳು ಯಾವಾಗಲೂ ಹೆಚ್ಚು ಕಪ್ಪಾಗುತ್ತದೆ. ಚೌಕಟ್ಟು ಹಾಕಿಸುವಾಗ ಗಾಜು ಫೋಟೊಗೆ ತಾಗದಂತೆ ನಡುವೆ ದಪ್ಪ ಮೌಂಟ್ ಹಾಕಿಸಿ. ನಮ್ಮ ಮಳೆಗಾಲದ ತೇವಕ್ಕೆ ಗಾಜಿಗಂಟಿದ ಫೋಟೊ ಬಿಡಿಸಲು ಬರುವುದಿಲ್ಲ.

ಲೆನ್ಸಿಗೂ ಅದೇ ಶತ್ರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಒಳಗೆ ತೇವ ಅಳೆಯುವ ಚಿಕ್ಕ ಮೀಟರ್ ಇಡಿ. 40ರಿಂದ 50 ಪ್ರತಿಶತ ಸರಿ. ಚರ್ಮದ ಚೀಲದಲ್ಲಿ ಲೆನ್ಸ್ ಇಟ್ಟು ಬೀರುವಿಗೆ ಹಾಕಿದರೆ ಬೂಷ್ಟು ಖಂಡಿತ.

ಹೂ ಮುಗಿದ ಮೇಲೆ ಗಿಡ ಒಣಗಲು ಬಿಡಿ, ನೀರು ಕಮ್ಮಿ ಮಾಡಿ. ಮೇ ತಿಂಗಳ ಮೊದಲ ಮಳೆಗೆ ಮುಂಚೆ ಗಡ್ಡೆ ಎತ್ತಿ. ಹಳೆಯ ಕಾಂಡದ ನಾಲ್ಕು ಇಂಚು ಉಳಿಸಿಕೊಂಡು ಕತ್ತರಿಸಿ, ಮಣ್ಣು ಕೊಡವಿ, ನೆರಳಿನಲ್ಲಿ ಒಂದೆರಡು ದಿನ ಆರಿಸಿ. ಒಣ ಮರಳು ಅಥವಾ ತೆಂಗಿನ ನಾರಿನ ಪುಡಿ ತುಂಬಿದ ಬುಟ್ಟಿಯಲ್ಲಿ, ಗಾಳಿಯಾಡುವ ಜಾಗದಲ್ಲಿ ಇಡಿ. ಅಟ್ಟ ತುಂಬ ಬಿಸಿಯಾಗುತ್ತದೆ, ಮಂಚದ ಕೆಳಗೆ ಒಳ್ಳೆಯದು. ತಿಂಗಳಿಗೊಮ್ಮೆ ನೋಡಿ, ಮೆತ್ತಗಾದದ್ದನ್ನು ಎಸೆಯಿರಿ. ಪ್ರತಿ ಗಡ್ಡೆಗೂ ಚೀಟಿ ಕಟ್ಟಿ: ಹೂವಿನ ಆಕಾರ, ಬಣ್ಣ, ಯಾವ ಚಾನಲ್‌ನಲ್ಲಿ ಚೆನ್ನಾಗಿ ಬಂತು ಅನ್ನುವುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಆ ತೇವಕ್ಕೆ ಅಕ್ಟೋಬರ್‌ವರೆಗೆ ಉಳಿಯುವುದಿಲ್ಲ.